ಸಿಸ್ಟರ್ ಮೇರಿಯ ಮಿದುಳು

ಅಮೆರಿಕದ ಸಿಸ್ಟರ್ ಮೇರಿ 84ನೇ ವಯಸ್ಸಿನವರೆಗೂ ಪಾಠ ಹೇಳಿದವರು. ತೀರಿಕೊಂಡಾಗ ಅವರಿಗೆ 101 ವರ್ಷ. ನೆನಪು, ಮಾತು, ಗಮನ ಇವನ್ನೆಲ್ಲ ಅಳೆಯುವ ಪರೀಕ್ಷೆಗಳಲ್ಲಿ ಅಷ್ಟು ವಯಸ್ಸಾದ ಮೇಲೂ ಒಳ್ಳೆಯ ಅಂಕ ತೆಗೆದಿದ್ದರು. ಆಮೇಲೆ ಅವರ ಮಿದುಳನ್ನು ತೆಳುವಾಗಿ ಕೊಯ್ದು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಅಲ್ಝೈಮರ್ ಎಂಬ ಮರೆವಿನ ಕಾಯಿಲೆ ಇದ್ದವರ ಮಿದುಳಿನಲ್ಲಿ ಕಾಣುವ ಪ್ರೋಟೀನ್ ಗಂಟುಗಳೂ, ಪ್ಲೇಕ್ ಎಂಬ ಪ್ರೋಟೀನ್ ಕಲೆಗಳೂ ಅಲ್ಲಿ ಬೇಕಾದಷ್ಟಿದ್ದವು. ಕಾಯಿಲೆಯ ಗುರುತೆಲ್ಲ ಇತ್ತು. ಕಾಯಿಲೆ ಮಾತ್ರ ಇರಲಿಲ್ಲ.

ಸಿಸ್ಟರ್ ಮೇರಿ ಇದ್ದದ್ದು ‘ನನ್ ಸ್ಟಡಿ’ ಎಂಬ ಅಧ್ಯಯನದಲ್ಲಿ. ಡೇವಿಡ್ ಸ್ನೋಡನ್ ಎಂಬ ಸಂಶೋಧಕ 1986ರಲ್ಲಿ ಇದನ್ನು ಶುರುಮಾಡಿದರು. 75 ದಾಟಿದ 678 ಸನ್ಯಾಸಿನಿಯರು ಇದಕ್ಕೆ ಒಪ್ಪಿದ್ದರು. ಬದುಕಿರುವವರೆಗೆ ಆಗಾಗ ಪರೀಕ್ಷೆಗೆ ಕೂರುವುದು, ಸತ್ತ ಮೇಲೆ ಮಿದುಳು ಕೊಡುವುದು. ಒಂದೇ ಥರದ ಊಟ, ಒಂದೇ ಥರದ ಬದುಕು, ಮದುವೆ ಹೆರಿಗೆಗಳ ಗೋಜಿಲ್ಲ. ಹಾಗಾಗಿ ಒಬ್ಬರನ್ನು ಇನ್ನೊಬ್ಬರ ಜೊತೆ ಹೋಲಿಸುವುದು ಸುಲಭ. ವಿಜ್ಞಾನಿಗೆ ಇಂಥ ಅವಕಾಶ ಸುಮ್ನೆ ಸಿಗೋದಿಲ್ಲ.

ನನ್ನ ದೊಡ್ಡಮ್ಮನಿಗೆ ಮರೆವಿನ ಕಾಯಿಲೆ ಬಂದ ಮೇಲೆ ನಾನು ಈ ವಿಷಯ ಓದತೊಡಗಿದೆ. ಓದಿದ ಕಡೆಯಲ್ಲೆಲ್ಲ ಒಂದೇ ಕಥೆ. ಮಿದುಳಿನಲ್ಲಿ ಕೆಟ್ಟ ಪ್ರೋಟೀನ್ ಸೇರಿಕೊಳ್ಳುತ್ತೆ, ಅದರಿಂದ ಜೀವಕೋಶ ಸಾಯುತ್ತೆ, ಅದರಿಂದ ನೆನಪು ಹೋಗುತ್ತೆ. ಮೂರೇ ಮೆಟ್ಟಿಲು. ಈ ಕಥೆ ಸುಳ್ಳಲ್ಲ. ಆದರೆ ಮೊದಲನೇ ಮೆಟ್ಟಿಲಿನಿಂದ ಎರಡನೆಯದಕ್ಕೆ ಇರುವ ದೂರ ಬಹಳ. ಆ ದೂರದಲ್ಲೇ ಸಿಸ್ಟರ್ ಮೇರಿ ಆರಾಮಾಗಿ ನೂರು ವರ್ಷ ದಾಟಿದ್ದು.

ಮೊದಲು ಈ ಪ್ರೋಟೀನ್ ಕೆಡುವುದು ಅಂದರೇನು ನೋಡೋಣ. ಪ್ರೋಟೀನ್ ಅಂದ ತಕ್ಷಣ ನಮಗೆ ನೆನಪಾಗುವುದು ಬೇಳೆ, ಮೊಟ್ಟೆ. ಜೀವಕೋಶದ ಒಳಗೆ ನಡೆಯುವ ಹೆಚ್ಚಿನ ಕೆಲಸವೆಲ್ಲ ಪ್ರೋಟೀನಿನದೇ. ಅಮೈನೋ ಆಮ್ಲಗಳ ಉದ್ದನೆಯ ಸರಪಳಿಯಾಗಿ ಅದು ತಯಾರಾಗುತ್ತೆ. ಆಮೇಲೆ ತನ್ನಷ್ಟಕ್ಕೆ ಮಡಚಿಕೊಂಡು ಒಂದು ಆಕಾರಕ್ಕೆ ಬರುತ್ತೆ. ಆ ಆಕಾರ ಬಂದರೆ ಮಾತ್ರ ಕೆಲಸ. ಸರಪಳಿ ಹೇಗೆ ಬಾಗಬಹುದು, ಹೇಗೆ ಬಾಗಲಾರದು ಎಂಬ ಲೆಕ್ಕವನ್ನು 1963ರಲ್ಲಿ ಮೊದಲು ಹಾಕಿಕೊಟ್ಟವರು ನಮ್ಮ ಜಿ.ಎನ್. ರಾಮಚಂದ್ರನ್, ಮದರಾಸಿನಲ್ಲಿ, ತಮ್ಮ ಜೊತೆಗಾರರಾದ ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಂದಿಗೆ. ಇವತ್ತಿಗೂ ಲೋಕದ ಯಾವ ಮೂಲೆಯ ಲ್ಯಾಬಿನಲ್ಲೇ ಹೊಸ ಪ್ರೋಟೀನಿನ ರಚನೆ ಗೊತ್ತಾದರೂ ಅದನ್ನು ‘ರಾಮಚಂದ್ರನ್ ಪ್ಲಾಟ್’ ಎಂಬ ನಕ್ಷೆಯ ಮೇಲೆ ಇಟ್ಟು ನೋಡುತ್ತಾರೆ. ಆಮೇಲೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಪ್ರೋಟೀನ್ ಹೇಗೆ ಮಡಚಿಕೊಳ್ಳಬೇಕು ಅಂತ ನಕ್ಷೆ ಬರೆದುಕೊಟ್ಟ ಅವರಿಗೆ ಕೊನೆಗಾಲದಲ್ಲಿ ಬಂದದ್ದು ಪಾರ್ಕಿನ್ಸನ್ ಕಾಯಿಲೆ. ಅದೂ ತಪ್ಪಾಗಿ ಮಡಚಿದ ಪ್ರೋಟೀನಿನ ಕಾಯಿಲೆಯೇ. ಇದರಲ್ಲಿ ಅರ್ಥ ಹುಡುಕುವುದಕ್ಕೆ ಏನೂ ಇಲ್ಲ, ಆದರೂ ಓದಿದಾಗ ಸ್ವಲ್ಪ ಹೊತ್ತು ಪುಟ ತಿರುಗಿಸಲಿಲ್ಲ.

ತಪ್ಪಾಗಿ ಮಡಚಿಕೊಳ್ಳುವುದು ಅಪರೂಪವೇನಲ್ಲ. ಎಲ್ಲರ ದೇಹದಲ್ಲೂ ಆಗುತ್ತಲೇ ಇರುತ್ತೆ. ಅಂಥವನ್ನು ಸರಿಪಡಿಸುವ, ಆಗದಿದ್ದರೆ ಒಡೆದುಹಾಕುವ ವ್ಯವಸ್ಥೆ ಜೀವಕೋಶದ ಒಳಗೇ ಇದೆ. ತೊಂದರೆ ಇರುವುದು ನರಕೋಶದ ವಯಸ್ಸಿನಲ್ಲಿ. ಚರ್ಮದ ಕೋಶ ಕೆಲವು ವಾರಗಳಲ್ಲಿ ಉದುರಿಹೋಗಿ ಹೊಸದು ಬರುತ್ತೆ. ಮಿದುಳಿನ ಹೆಚ್ಚಿನ ನರಕೋಶಗಳು ಹುಟ್ಟಿದಾಗಿನಿಂದ ಸಾಯುವವರೆಗೆ ಅವೇ. ಎಪ್ಪತ್ತು ಎಂಬತ್ತು ವರ್ಷದ ಕಸ ಅಲ್ಲೇ ನಿಭಾಯಿಸಬೇಕು. ವಯಸ್ಸಾದಂತೆ ಕಸ ತೆಗೆಯುವ ವೇಗವೂ ಕುಗ್ಗುತ್ತೆ. ಎಲ್ಲಿ, ಯಾವ ಪ್ರೋಟೀನ್ ಸೇರಿಕೊಂಡಿತು ಎಂಬುದರ ಮೇಲೆ ಕಾಯಿಲೆಯ ಹೆಸರು ಬೇರೆಯಾಗುತ್ತೆ. ಅಲ್ಝೈಮರ್‌ನಲ್ಲಿ ಕೋಶದ ಹೊರಗೆ ಬೀಟಾ ಅಮೈಲಾಯ್ಡ್ (ಇದೇ ಪ್ಲೇಕ್), ಒಳಗೆ ಟಾವ್ (ಇದೇ ಗಂಟು). ಪಾರ್ಕಿನ್ಸನ್‌ನಲ್ಲಿ ಆಲ್ಫಾ ಸಿನ್ಯೂಕ್ಲೀನ್. ವಂಶದಿಂದ ಬರುವ ಹಂಟಿಂಗ್ಟನ್ ಕಾಯಿಲೆಯಲ್ಲಿ ಹಂಟಿಂಗ್ಟಿನ್. ಎಎಲ್‌ಎಸ್ ಎಂಬ ಸ್ನಾಯು ಸೊರಗುವ ಕಾಯಿಲೆಯಲ್ಲಿ ಬಹುತೇಕ ಟಿಡಿಪಿ-43. ಈ ಕೊನೆಯದು ಗೊತ್ತಾಗಿದ್ದೇ 2006ರಲ್ಲಿ.

ಇದನ್ನು ಕಣ್ಣಾರೆ ಕಂಡ ಕಥೆ ಹೇಳಲೇಬೇಕು. 1901ರ ನವೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಮಾನಸಿಕ ಆಸ್ಪತ್ರೆಗೆ ಆಗುಸ್ಟೆ ಡೆಟರ್ ಎಂಬ 51ರ ಹೆಂಗಸನ್ನು ಕರೆತಂದರು. ಗಂಡ ರೈಲ್ವೆಯಲ್ಲಿ ಗುಮಾಸ್ತ. ಡಾಕ್ಟರ್ ಅಲೋಯಿಸ್ ಅಲ್ಝೈಮರ್ ಅವರನ್ನು ಮಾತಾಡಿಸಿ, ಮಾತನ್ನು ಹಾಗೆಯೇ ಬರೆದಿಟ್ಟರು. ನಿಮ್ಮ ಹೆಸರೇನು? ಆಗುಸ್ಟೆ. ಮನೆತನದ ಹೆಸರು? ಆಗುಸ್ಟೆ. ಗಂಡನ ಹೆಸರು? ಆಗುಸ್ಟೆ ಇರಬೇಕು. ಮಧ್ಯಾಹ್ನದ ಊಟಕ್ಕೆ ಹೂಕೋಸು ಮತ್ತು ಹಂದಿಮಾಂಸ ತಿನ್ನುತ್ತಿದ್ದರು. ಏನು ತಿನ್ನುತ್ತಿದ್ದೀರಿ ಅಂತ ಕೇಳಿದರೆ ‘ಪಾಲಕ್’ ಅಂದರು. ನಡುನಡುವೆ ‘ನಾನು ನನ್ನನ್ನೇ ಕಳೆದುಕೊಂಡಿದ್ದೇನೆ’ ಎಂಬ ಅರ್ಥದ ಮಾತು.

ಅಲ್ಝೈಮರ್ ಆಮೇಲೆ ಬೇರೆ ಊರಿಗೆ ಹೋದರು. ಆದರೂ ಆಕೆಯ ವಿಷಯ ಬಿಡಲಿಲ್ಲ. 1906ರ ಏಪ್ರಿಲಿನಲ್ಲಿ ಆಕೆ ತೀರಿಕೊಂಡಾಗ ಮಿದುಳನ್ನು ಮ್ಯೂನಿಕ್‌ಗೆ ತರಿಸಿಕೊಂಡರು. ಆಗ ತಾನೇ ಬಳಕೆಗೆ ಬಂದಿದ್ದ ಬೆಳ್ಳಿಯ ಬಣ್ಣ ಹಾಕಿ ನೋಡಿದರು. ಸತ್ತ ನರಕೋಶಗಳ ಜಾಗದಲ್ಲಿ ಕಪ್ಪಗೆ ಹೆಣೆದುಕೊಂಡ ಎಳೆಗಳು. ಕೋಶಗಳ ನಡುವೆ ಅಲ್ಲಲ್ಲಿ ಏನೋ ಶೇಖರವಾಗಿದ್ದ ಕಲೆಗಳು. ಅದೇ ನವೆಂಬರಿನಲ್ಲಿ ಟ್ಯೂಬಿಂಗನ್ನಿನ ಸಭೆಯಲ್ಲಿ ಇದನ್ನು ಹೇಳಿದರು. ಸಭೆಯಲ್ಲಿ ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಕಾಯಿಲೆಗೆ ಅವರ ಹೆಸರು ಬಂದದ್ದು 1910ರಲ್ಲಿ, ಮನೋವೈದ್ಯ ಎಮಿಲ್ ಕ್ರೆಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಹಾಗೆ ಬರೆದಿದ್ದರಿಂದ. ಅಲ್ಝೈಮರ್ ತಾವೇ ಈ ಎಳೆಗಳು ಕಾರಣವೋ ಪರಿಣಾಮವೋ ಅಂತ ತೀರ್ಪು ಕೊಟ್ಟು ಮುಗಿಸಲಿಲ್ಲ. ತೀರ್ಪು ಕೊಡುವ ಅವಸರ ಬಂದದ್ದು ಆಮೇಲಿನವರಿಗೆ.

ಬಣ್ಣ ಹಿಡಿದದ್ದು ಕಾಣುತ್ತೆ. ಬಣ್ಣ ಹಿಡಿಯದ್ದು ಕಾಣೋದಿಲ್ಲ. ನೂರಕ್ಕೂ ಹೆಚ್ಚು ವರ್ಷದ ಈ ಸಂಶೋಧನೆಯಲ್ಲಿ ಕಣ್ಣಿಗೆ ಬಿದ್ದದ್ದರ ಮೇಲೆಯೇ ಗಮನ ಜಾಸ್ತಿ ಹೋಯಿತು ಅಂತ ನನಗನ್ನಿಸುತ್ತೆ.

ಹಾಗಂತ ಅಮೈಲಾಯ್ಡ್ ಪರವಾಗಿರುವ ಸಾಕ್ಷಿ ಸಣ್ಣದಲ್ಲ. ಅಮೈಲಾಯ್ಡಿನ ಮೂಲ ಪ್ರೋಟೀನಿಗೆ ಬೇಕಾದ ಜೀನ್ ಇರುವುದು 21ನೇ ಕ್ರೋಮೋಸೋಮಿನಲ್ಲಿ. ಡೌನ್ ಸಿಂಡ್ರೋಮ್ ಇರುವವರಲ್ಲಿ ಆ ಕ್ರೋಮೋಸೋಮ್ ಮೂರು ಪ್ರತಿ ಇರುತ್ತೆ. ಅವರಲ್ಲಿ ನಲವತ್ತರ ಹೊತ್ತಿಗೇ ಮಿದುಳಿನಲ್ಲಿ ಪ್ಲೇಕ್ ಕಾಣಿಸುತ್ತೆ. 1991ರಲ್ಲಿ ಲಂಡನ್ನಿನ ಜಾನ್ ಹಾರ್ಡಿ, ಅಲಿಸನ್ ಗೋಟ್ ಮತ್ತವರ ತಂಡ ಇದೇ ಜೀನಿನ ಒಂದು ದೋಷ ಒಂದು ಕುಟುಂಬದಲ್ಲಿ ಚಿಕ್ಕ ವಯಸ್ಸಿಗೇ ಅಲ್ಝೈಮರ್ ತರುತ್ತಿದೆ ಅಂತ ತೋರಿಸಿತು. ಇಷ್ಟು ಸಿಕ್ಕ ಮೇಲೆ ‘ಅಮೈಲಾಯ್ಡೇ ಮೂಲ, ಉಳಿದದ್ದೆಲ್ಲ ಅದರ ಹಿಂದೆ ಬರುತ್ತೆ’ ಅಂದುಕೊಳ್ಳುವುದು ಸಹಜ ಅಲ್ವಾ?

ಆದರೆ ಕೊಲಂಬಿಯಾ ದೇಶದ ಆಂಟಿಯೋಕಿಯಾ ಪ್ರಾಂತ್ಯದ ಕಥೆ ನೋಡಿ. ಅಲ್ಲಿನ ಒಂದು ದೊಡ್ಡ ವಂಶದಲ್ಲಿ ಪ್ರೆಸೆನಿಲಿನ್ ಎಂಬ ಜೀನಿನ ದೋಷ ತಲೆಮಾರುಗಳಿಂದ ಹರಿದುಬಂದಿದೆ. ಡಾಕ್ಟರ್ ಫ್ರಾನ್ಸಿಸ್ಕೊ ಲೋಪೆರಾ ದಶಕಗಳ ಕಾಲ ಆ ಹಳ್ಳಿಗಳಲ್ಲಿ ಓಡಾಡಿ ವಂಶವೃಕ್ಷ ಬರೆದರು. ದೋಷ ಇದ್ದವರಿಗೆ ನಲವತ್ತರ ನಡುವಿನಲ್ಲೇ ಮರೆವು ಶುರು, ಐವತ್ತರ ಹೊತ್ತಿಗೆ ಡಿಮೆನ್ಶಿಯಾ, ಅಂದರೆ ದಿನದ ಬದುಕೇ ನಡೆಸಲಾಗದಷ್ಟು ಬುದ್ಧಿ ಕುಸಿಯುವುದು. ಅದರಲ್ಲಿ ಒಬ್ಬ ಹೆಂಗಸು ಮಾತ್ರ ಎಪ್ಪತ್ತು ದಾಟುವವರೆಗೂ ಚೆನ್ನಾಗಿದ್ದರು. 2019ರಲ್ಲಿ ಅವರ ಮಿದುಳಿನ ಸ್ಕ್ಯಾನ್ ವಿವರ ಪ್ರಕಟವಾಯಿತು. ಅಮೈಲಾಯ್ಡ್ ವಿಪರೀತ. ಟಾವ್ ಮಾತ್ರ ತೀರಾ ಕಡಿಮೆ. ಎಪಿಒಇ ಎಂಬ ಇನ್ನೊಂದು ಜೀನಿನಲ್ಲಿ ಅವರಿಗೆ ಅಪರೂಪದ ಬದಲಾವಣೆ ಇತ್ತು. ಅದು ಅಮೈಲಾಯ್ಡನ್ನು ತಡೆಯಲಿಲ್ಲ. ಅಮೈಲಾಯ್ಡಿನಿಂದ ಮುಂದಕ್ಕೆ ಹೋಗುವ ದಾರಿಯನ್ನು ತಡೆಯಿತು ಅಂತ ಕಾಣುತ್ತೆ. ಸಿಸ್ಟರ್ ಮೇರಿಯಲ್ಲಿ ತಡೆದದ್ದು ಏನೋ. ಅವರಲ್ಲಿ ಟಾವ್ ಗಂಟುಗಳೂ ಇದ್ದವು.

ಇನ್ನು ಈ ಪ್ರೋಟೀನ್ ಹರಡುವ ರೀತಿ. ಇದಕ್ಕೆ ನಮ್ಮ ಅಡುಗೆಮನೆಯ ಹೆಪ್ಪಿಗಿಂತ ಒಳ್ಳೆ ಹೋಲಿಕೆ ನನಗೆ ಸಿಕ್ಕಿಲ್ಲ. ಒಂದು ಚಮಚ ಮೊಸರು ಪಾತ್ರೆ ಹಾಲನ್ನು ಮೊಸರು ಮಾಡುವ ಹಾಗೆ, ತಪ್ಪಾಗಿ ಮಡಚಿದ ಒಂದು ಪ್ರೋಟೀನ್ ಪಕ್ಕದ ಸರಿಯಾದದ್ದನ್ನೂ ತನ್ನ ಆಕಾರಕ್ಕೆ ಎಳೆಯುತ್ತೆ. ಒಂದೇ ವ್ಯತ್ಯಾಸ, ಹೆಪ್ಪಿನಲ್ಲಿ ಬ್ಯಾಕ್ಟೀರಿಯಾ ಇರುತ್ತೆ, ಇಲ್ಲಿ ಜೀವ ಇರುವ ಯಾವುದೂ ಇಲ್ಲ. ಪಪುವಾ ನ್ಯೂಗಿನಿಯ ಫೋರೆ ಜನರಲ್ಲಿ ಕುರು ಎಂಬ ನಡುಕದ ಕಾಯಿಲೆ ಹೀಗೇ ಹರಡಿತ್ತು, ಸತ್ತವರ ದೇಹವನ್ನು ತಿನ್ನುವ ಶೋಕಾಚರಣೆಯಿಂದ. ಸತ್ತವರಲ್ಲಿ ಹೆಂಗಸರು ಮಕ್ಕಳೇ ಹೆಚ್ಚು. 1982ರಲ್ಲಿ ಸ್ಟಾನ್ಲಿ ಪ್ರುಸಿನರ್ ಇಂಥ ಪ್ರೋಟೀನಿಗೆ ಪ್ರಿಯಾನ್ ಅಂತ ಹೆಸರಿಟ್ಟಾಗ ಬಹಳ ಜನ ನಂಬಲಿಲ್ಲ. 1997ರಲ್ಲಿ ನೊಬೆಲ್ ಬಂತು.

ಪಾರ್ಕಿನ್ಸನ್ ಪ್ರೋಟೀನೂ ಹೀಗೆ ಒಂದು ಕೋಶದಿಂದ ಇನ್ನೊಂದಕ್ಕೆ ದಾಟುತ್ತಾ? 2008ರಲ್ಲಿ ಇದಕ್ಕೆ ವಿಚಿತ್ರವಾದ ಸುಳಿವು ಸಿಕ್ಕಿತು. ಅದಕ್ಕೆ ಹತ್ತಕ್ಕೂ ಹೆಚ್ಚು ವರ್ಷ ಹಿಂದೆ ಕೆಲವು ಪಾರ್ಕಿನ್ಸನ್ ರೋಗಿಗಳ ಮಿದುಳಿಗೆ ಭ್ರೂಣದ ನರಕೋಶಗಳನ್ನು ನಾಟಿ ಮಾಡಿದ್ದರು. ಅವರು ತೀರಿಕೊಂಡ ಮೇಲೆ ನೋಡಿದರೆ, ಆ ಎಳೆಯ ಕೋಶಗಳಲ್ಲೂ ಲೆವಿ ಬಾಡಿ ಎಂಬ ಪ್ರೋಟೀನ್ ಉಂಡೆಗಳಿದ್ದವು. ಹತ್ತು ಹದಿನೈದು ವರ್ಷದ ಕೋಶಕ್ಕೆ ಮುದುಕರ ಕಾಯಿಲೆ! ಸುತ್ತಲಿನ ಹಳೆಯ ಕೋಶಗಳಿಂದ ಬಂತು ಅನ್ನುವುದೇ ಸರಳ ವಿವರಣೆ. (ಈ ಉಂಡೆಗಳನ್ನು 1912ರಲ್ಲಿ ಮೊದಲು ವಿವರಿಸಿದ ಫ್ರಿಟ್ಜ್ ಲೆವಿ, ಅಲ್ಝೈಮರ್ ಅವರ ಮ್ಯೂನಿಕ್ ಲ್ಯಾಬಿನಲ್ಲೇ ಕೆಲಸ ಮಾಡಿದವರು. ಯಹೂದಿ. ಹಿಟ್ಲರ್ ಬಂದ ಮೇಲೆ ದೇಶ ಬಿಟ್ಟು ಕೊನೆಗೆ ಅಮೆರಿಕ ಸೇರಿದರು.)

ಇದನ್ನು ಓದಿ ಯಾರೂ ಗಾಬರಿಯಾಗಬೇಡಿ. ದೊಡ್ಡಮ್ಮನ ಮನೆಯ ಕೆಲಸದಾಕೆ ನನ್ನನ್ನು ಒಮ್ಮೆ ಪಕ್ಕಕ್ಕೆ ಕರೆದು, ‘ಅಣ್ಣಾ, ಇದು ಅಂಟುತ್ತಾ?’ ಅಂತ ಕೇಳಿದ್ದರು. ಅಂಟೋದಿಲ್ಲ. ಒಟ್ಟಿಗೆ ಉಂಡರೆ, ಸ್ನಾನ ಮಾಡಿಸಿದರೆ, ಬಟ್ಟೆ ಒಗೆದರೆ ಅಲ್ಝೈಮರ್ ಆಗಲಿ ಪಾರ್ಕಿನ್ಸನ್ ಆಗಲಿ ಬರೋದಿಲ್ಲ. ಹರಡುವುದು ಒಂದೇ ಮಿದುಳಿನ ಒಳಗೆ.

ದೊಡ್ಡಮ್ಮನ ಕಾಯಿಲೆಯನ್ನು ಮೊದಮೊದಲು ನಾವು ಯಾರೂ ಕಾಯಿಲೆ ಅಂದುಕೊಂಡಿರಲಿಲ್ಲ. ಅರವತ್ತಕ್ಕೆ ಅರಳು ಮರಳು ಅಂತ ನಕ್ಕು ಬಿಟ್ಟಿದ್ದೆವು. ಅರಸೀಕೆರೆಯ ಆ ಮನೆಗೆ ಹೋದಾಗಲೆಲ್ಲ ನನ್ನನ್ನು ಮಾವನ ಹೆಸರಿನಿಂದ ಕರೆಯುತ್ತಿದ್ದರು. ಊಟ ಆಯ್ತಾ ಅಂತ ಕೇಳಿ, ಬಡಿಸಿ, ಕೈ ತೊಳೆದು ಬರುವಷ್ಟರಲ್ಲಿ ಮತ್ತೆ ಊಟ ಆಯ್ತಾ ಅನ್ನುವರು. ಆದರೆ ಅವರೆಕಾಯಿ ಕಾಲದಲ್ಲಿ ಮುಂದೆ ಒಂದು ಪಾತ್ರೆ ನೆನೆಸಿದ ಕಾಳು ಇಟ್ಟರೆ ಸಾಕು, ಹೆಬ್ಬೆರಳಲ್ಲಿ ಒತ್ತಿ ಒತ್ತಿ ಹಿತಕಿದ ಬೇಳೆ ರಾಶಿ ಹಾಕುವರು. ನಮ್ಮಲ್ಲಿ ಯಾರಿಗೂ ಆ ವೇಗ ಇರಲಿಲ್ಲ. ಆಗ ಅದು ನಮಗೆಲ್ಲ ಆಶ್ಚರ್ಯ. ಟಾವ್ ಗಂಟುಗಳು ಸಾಮಾನ್ಯವಾಗಿ ಹೊಸ ನೆನಪನ್ನು ಬರೆದಿಡುವ ಹಿಪ್ಪೊಕ್ಯಾಂಪಸ್ಸಿನ ಸುತ್ತಮುತ್ತ ಮೊದಲು ಕಾಣಿಸಿಕೊಳ್ಳುತ್ತವೆ, ಕೈಗೆ ಅಭ್ಯಾಸವಾದ ಕೆಲಸವನ್ನು ನೋಡಿಕೊಳ್ಳುವ ಭಾಗಗಳನ್ನು ತಡವಾಗಿ ಮುಟ್ಟುತ್ತವೆ ಅಂತ ಆಮೇಲೆ ಓದಿದೆ. ರೋಗಿಯ ಸ್ಥಿತಿಗೆ ಹೆಚ್ಚು ಹೊಂದಿಕೆಯಾಗುವುದು ಪ್ಲೇಕ್ ಎಷ್ಟು ಹರಡಿದೆ ಅನ್ನುವುದಕ್ಕಿಂತ ಟಾವ್ ಗಂಟು ಎಷ್ಟು ಹರಡಿದೆ ಅನ್ನುವುದೇ.

ಎಂಆರ್‌ಐ ಮಾಡಿಸಿದ್ದೆವು. ಮಿದುಳು ಅಲ್ಲಲ್ಲಿ ಸೊರಗಿದೆ, ಸಣ್ಣ ರಕ್ತನಾಳಗಳಲ್ಲೂ ತೊಂದರೆ ಇದೆ ಅಂತ ಡಾಕ್ಟರ್ ತೋರಿಸಿದರು. ಪ್ರೋಟೀನ್ ಅದರಲ್ಲಿ ಕಾಣೋದಿಲ್ಲ. ಅದಕ್ಕೆ ಬೇರೆಯೇ ಪೆಟ್ ಸ್ಕ್ಯಾನ್ ಬೇಕು, ಇಲ್ಲವೇ ಬೆನ್ನುಹುರಿಯ ನೀರು ತೆಗೆದು ನೋಡಬೇಕು. ನಾವು ಎರಡನ್ನೂ ಮಾಡಿಸಲಿಲ್ಲ, ಮಾಡಿಸಿದ್ದರೂ ಆಗ ಔಷಧಿ ಬದಲಾಗುತ್ತಿರಲಿಲ್ಲ. ದೊಡ್ಡಮ್ಮನ ತಲೆಯಲ್ಲಿ ಇದ್ದದ್ದು ಅಮೈಲಾಯ್ಡೋ, ಸಿನ್ಯೂಕ್ಲೀನೋ, ಬರೀ ರಕ್ತನಾಳದ ತೊಂದರೆಯೋ? ವಯಸ್ಸಾದವರಲ್ಲಿ ಬಹಳ ಸಲ ಇವೆಲ್ಲ ಸೇರಿಯೇ ಇರುತ್ತವೆ. ಪಠ್ಯಪುಸ್ತಕದಲ್ಲಿ ಮಾತ್ರ ಒಂದು ಕಾಯಿಲೆಗೆ ಒಂದು ಪ್ರೋಟೀನ್.

ನನ್ನ ತಲೆಯನ್ನು ನಿಜವಾಗಿ ತಿರುಗಿಸಿದ್ದು ಹಂಟಿಂಗ್ಟನ್ ಕಾಯಿಲೆಯ ಒಂದು ಪ್ರಯೋಗ. ಈ ಕಾಯಿಲೆಯಲ್ಲಿ ಎಲ್ಲ ಸ್ಪಷ್ಟ. ಒಂದೇ ಜೀನ್. ಅದರಲ್ಲಿ ಸಿಎಜಿ ಎಂಬ ಡಿಎನ್‌ಎಯ ಮೂರು ಅಕ್ಷರ ನಲವತ್ತು ಅಥವಾ ಅದಕ್ಕಿಂತ ಹೆಚ್ಚು ಸಲ ಮತ್ತೆ ಮತ್ತೆ ಬಂದರೆ ಕಾಯಿಲೆ ಬಂದೇ ಬರುತ್ತೆ. ನರಕೋಶದ ಒಳಗೆ ಪ್ರೋಟೀನ್ ಉಂಡೆ ಕಾಣುತ್ತೆ. ಉಂಡೆಯೇ ಕೋಶವನ್ನು ಕೊಲ್ಲುತ್ತೆ ಅಂತ ಎಲ್ಲರೂ ಅಂದುಕೊಂಡಿದ್ದರು. ಸ್ಯಾನ್ ಫ್ರಾನ್ಸಿಸ್ಕೊದ ಸ್ಟೀವನ್ ಫಿಂಕ್‌ಬೈನರ್ ತಂಡ ಸತ್ತ ಕೋಶಗಳನ್ನು ನೋಡುವ ಬದಲು ಬದುಕಿರುವ ಒಂದೊಂದೇ ನರಕೋಶವನ್ನು ದಿನಗಟ್ಟಲೆ ಹಿಂಬಾಲಿಸಿತು. ಅದಕ್ಕೆಂದೇ ತಾನೇ ಚಲಿಸುವ ಮೈಕ್ರೋಸ್ಕೋಪ್ ಮಾಡಿಕೊಂಡಿದ್ದರು. 2004ರಲ್ಲಿ ಫಲಿತಾಂಶ ಬಂತು. ಉಂಡೆ ಕಟ್ಟಿಕೊಂಡ ಕೋಶಗಳು ಕಟ್ಟಿಕೊಳ್ಳದವಕ್ಕಿಂತ ಹೆಚ್ಚು ದಿನ ಬದುಕಿದ್ದವು. ಅಂದರೆ ಚೆಲ್ಲಾಪಿಲ್ಲಿಯಾಗಿ ಓಡಾಡುವ ಕೆಟ್ಟ ಪ್ರೋಟೀನೇ ವಿಷ. ಅದನ್ನು ಒಂದು ಮೂಲೆಗೆ ಗುಡ್ಡೆ ಹಾಕಿದ್ದು ಕೋಶ ಮಾಡಿಕೊಂಡ ಉಪಾಯ. ಹಾಗಾದರೆ ಮೈಕ್ರೋಸ್ಕೋಪಿನಲ್ಲಿ ನಾವು ಅಪರಾಧಿ ಅಂತ ಬೆರಳು ತೋರಿಸಿದ್ದು ಯಾರ ಕಡೆಗೆ?

ಅಲ್ಝೈಮರ್‌ನಲ್ಲೂ ಪ್ಲೇಕ್‌ಗಿಂತ ಚಿಕ್ಕದಾದ, ಕರಗಿಕೊಂಡಿರುವ ಅಮೈಲಾಯ್ಡ್ ತುಣುಕುಗಳೇ ಹೆಚ್ಚು ಅಪಾಯ ಎಂಬ ವಾದ ಇದೆ. ಆ ವಾದಕ್ಕೆ ದೊಡ್ಡ ಹೆಸರು ತಂದುಕೊಟ್ಟ 2006ರ ಒಂದು ಪ್ರಬಂಧದ ಚಿತ್ರಗಳನ್ನು ತಿದ್ದಲಾಗಿತ್ತು ಎಂಬ ಆರೋಪ ಬಂದು, 2024ರಲ್ಲಿ ‘ನೇಚರ್’ ಪತ್ರಿಕೆಯಿಂದ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಅದರಿಂದ ಇಡೀ ಅಮೈಲಾಯ್ಡ್ ವಿಜ್ಞಾನವೇ ಸುಳ್ಳು ಅಂತ ಕೂಗಿದವರಿದ್ದಾರೆ. ಅದು ಅತಿಯಾಯಿತು. ಡೌನ್ ಸಿಂಡ್ರೋಮ್, ಕೊಲಂಬಿಯಾದ ವಂಶ ಇವೆಲ್ಲ ಆ ಪ್ರಬಂಧದ ಮೇಲೆ ನಿಂತಿಲ್ಲ.

ಪ್ಲೇಕ್ ತೆಗೆದುಹಾಕಿದರೆ ಏನಾಗುತ್ತೆ ಅನ್ನುವುದೇ ನೇರವಾದ ಪರೀಕ್ಷೆ. ಅದನ್ನೂ ಮಾಡಿದ್ದಾರೆ. ಮೊದಲು ಬಂದ ಲಸಿಕೆಯ ಪ್ರಯೋಗವನ್ನು ಕೆಲವರಿಗೆ ಮಿದುಳಿನ ಉರಿಯೂತ ಬಂದದ್ದರಿಂದ 2002ರಲ್ಲಿ ನಿಲ್ಲಿಸಿದರು. ಅದರಲ್ಲಿದ್ದವರು ತೀರಿಕೊಂಡಂತೆ ಮಿದುಳು ನೋಡುತ್ತಾ ಹೋದರು. 2008ರಲ್ಲಿ ಬಂದ ವರದಿಯ ಪ್ರಕಾರ ಕೆಲವರಲ್ಲಿ ಪ್ಲೇಕ್ ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ಅವರೂ ಸಾಯುವ ಮುಂಚೆ ತೀವ್ರ ಡಿಮೆನ್ಶಿಯಾದಲ್ಲೇ ಇದ್ದರು. ಸಿಸ್ಟರ್ ಮೇರಿಯದಕ್ಕೆ ಸರಿಯಾಗಿ ಉಲ್ಟಾ.

ಪ್ಲೇಕ್ ತೆಗೆಯಲು ಆಮೇಲೆ ಬಂದ ಔಷಧಿಗಳಲ್ಲಿ ಒಂದು ಲೆಕಾನೆಮಾಬ್. ಪ್ರಯೋಗದಲ್ಲಿ ಅದನ್ನು ಎರಡು ವಾರಕ್ಕೊಮ್ಮೆ ರಕ್ತನಾಳಕ್ಕೆ ಏರಿಸಿದರು. ಕಾಯಿಲೆಯ ಮೊದಲ ಹಂತದಲ್ಲಿದ್ದ 1,795 ಜನರ ಮೇಲೆ 18 ತಿಂಗಳು ಪ್ರಯೋಗ ನಡೆಯಿತು. ಕುಸಿತ ಶೇ. 27ರಷ್ಟು ನಿಧಾನವಾಯಿತು ಅಂತ 2022ರ ಕೊನೆಯಲ್ಲಿ ಸುದ್ದಿಯಾಯಿತು. 18 ಅಂಕದ ಅಳತೆಯಲ್ಲಿ ಹೇಳುವುದಾದರೆ ವ್ಯತ್ಯಾಸ 0.45 ಅಂಕ. ಔಷಧಿ ಪಡೆದವರಲ್ಲಿ ಶೇ. 12.6 ಜನರಿಗೆ ಸ್ಕ್ಯಾನಿನಲ್ಲಿ ಮಿದುಳಿನ ಊತ ಕಂಡಿತು, ಹೆಚ್ಚಿನವರಿಗೆ ಲಕ್ಷಣ ಇರಲಿಲ್ಲ. ಶೇ. 27 ಮತ್ತು 0.45 ಎರಡೂ ಒಂದೇ ಫಲಿತಾಂಶ. ಪತ್ರಿಕೆಗಳು ಮೊದಲನೆಯದನ್ನೇ ಹಾಕುತ್ತವೆ. ನನ್ನ ಅಭಿಪ್ರಾಯ ಕೇಳಿದರೆ, ಇದು ಅಮೈಲಾಯ್ಡಿಗೆ ಕಾಯಿಲೆಯಲ್ಲಿ ಪಾತ್ರ ಇದೆ ಅಂತ ತೋರಿಸುವಷ್ಟು ಒಳ್ಳೆಯ ಫಲಿತಾಂಶ. ಅದೊಂದೇ ಅಲ್ಲ ಅಂತ ತೋರಿಸುವಷ್ಟು ಸಣ್ಣದೂ ಹೌದು.

ನಮ್ಮಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ ಅಂತ 2023ರಲ್ಲಿ ಪ್ರಕಟವಾದ ಅಂದಾಜು. ಇವರ ಮಿದುಳಿನ ಒಳಗೆ ಏನಾಗುತ್ತಿದೆ ಎಂಬ ತಿಳಿವಳಿಕೆ ಹೆಚ್ಚಾಗಿ ಯುರೋಪ್, ಅಮೆರಿಕದ ಮಿದುಳುಗಳಿಂದ ಬಂದದ್ದು. ಸಿಸ್ಟರ್‌ಗಳಲ್ಲೂ ಬಹಳ ಜನ ಡಿಗ್ರಿ ಓದಿದವರು. ಹೆಬ್ಬೆಟ್ಟು ಒತ್ತುವ ಅಜ್ಜಿಗೂ ಇದೇ ಲೆಕ್ಕ ಸರಿಹೊಂದುತ್ತಾ? ಬೆಂಗಳೂರಿನ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದ್ದಾರೆ. ನಿಮ್ಹಾನ್ಸ್‌ನಲ್ಲಿ 1995ರಿಂದ ಬ್ರೈನ್ ಬ್ಯಾಂಕ್ ಇದೆ, ಡಾ. ಎಸ್.ಕೆ. ಶಂಕರ್ ಕಟ್ಟಿದ್ದು. ಅದರ ಮ್ಯೂಸಿಯಂ ಅನ್ನು ಯಾರು ಬೇಕಾದರೂ ನೋಡಬಹುದು. ನೋಡಿಲ್ಲದವರು ಒಮ್ಮೆ ಹೋಗಿಬನ್ನಿ. ಆದರೆ ಕಣ್ಣು ಕೊಡುವಷ್ಟು ಸುಲಭವಾಗಿ ನಮ್ಮ ಜನ ಮಿದುಳು ಕೊಡೋದಿಲ್ಲ. ದೊಡ್ಡಮ್ಮ ತೀರಿಕೊಂಡ ದಿನ ನಮ್ಮ ಮನೆಯಲ್ಲೂ ಯಾರಿಗೂ ಅದು ಹೊಳೆಯಲಿಲ್ಲ.

ಮೊನ್ನೆ ದೊಡ್ಡಮ್ಮನ ಮಗ ಫೋನ್ ಮಾಡಿದ್ದ. ನನಗಿಂತ ದೊಡ್ಡವನು, ಅರವತ್ತರ ಹತ್ತಿರ. ರಕ್ತದಲ್ಲೇ ಟಾವ್ ನೋಡುವ ಪರೀಕ್ಷೆ ಬಂದಿದೆಯಂತೆ, ಮಾಡಿಸಿಕೊಳ್ಳಲಾ ಅಂತ ಕೇಳಿದ. ಅಂಥದ್ದು ಬಂದಿರುವುದು ನಿಜ. ಅಮೆರಿಕದಲ್ಲಿ 2025ರ ಮೇ ತಿಂಗಳಲ್ಲಿ ಒಂದಕ್ಕೆ ಒಪ್ಪಿಗೆ ಸಿಕ್ಕಿದೆ, ಅದೂ ಮರೆವಿನ ಲಕ್ಷಣ ಇರುವವರಿಗೆ ಮಾತ್ರ. ಲಕ್ಷಣ ಇಲ್ಲದವನಿಗೆ ‘ಪ್ರೋಟೀನ್ ಇದೆ’ ಅಂತ ಕಾಗದ ಬಂದರೆ ಅವನು ಏನು ಮಾಡಬೇಕು? ಸಿಸ್ಟರ್ ಮೇರಿಗೂ ಅಂಥ ಕಾಗದ ಬರುತ್ತಿತ್ತು. ಬೇಡ ಅಂದೆ. ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯ 2024ರ ಆಯೋಗ ಡಿಮೆನ್ಶಿಯಾದ ಅಪಾಯ ಹೆಚ್ಚಿಸುವ, ನಮ್ಮ ಕೈಯಲ್ಲಿ ಬದಲಾಯಿಸಬಹುದಾದ 14 ಕಾರಣಗಳ ಪಟ್ಟಿ ಕೊಟ್ಟಿದೆ. ಕಿವಿ ಮಂದವಾಗುವುದು, ಬಿಪಿ, ಕೊಲೆಸ್ಟ್ರಾಲ್, ಸಕ್ಕರೆ ಕಾಯಿಲೆ ಎಲ್ಲ ಅದರಲ್ಲಿವೆ. ಇವೆಲ್ಲವನ್ನೂ ತಡೆದರೆ ಶೇ. 45ರಷ್ಟು ಪ್ರಕರಣಗಳನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದು ಎಂಬುದು ಅವರ ಲೆಕ್ಕ.

‘ಬಿಪಿ ಮಾತ್ರೆ ಸರಿಯಾಗಿ ತಗೋತಿದ್ದೀಯಾ ಅಣ್ಣ?’ ಅಂದೆ. ತಗೋತಿದ್ದೀನಿ ಅಂದ.

‘ಕಿವಿಗೆ ಮೆಷಿನ್ ತಂದಿದ್ದೆಯಲ್ಲ, ಹಾಕ್ಕೋತಿದ್ದೀಯಾ?’

‘ಏನು?’

ಮತ್ತೆ ಕೇಳಿದೆ, ಜೋರಾಗಿ.

‘ಅದಾ? ಬೀರುವಿನಲ್ಲಿದೆ ಕಣೋ. ಹಾಕ್ಕೊಂಡ್ರೆ ಕುಯ್ಯ್ ಅನ್ನುತ್ತೆ.’